ಎಚ್‌ಸಿಎಲ್ ಬಾಂಡ್ ಉದ್ದ 0.91 ಯಾಕೆ ಬಂತು?

ರೊಟೇಶನಲ್ ಸ್ಪೆಕ್ಟ್ರಮ್‌ನಲ್ಲಿ (ತಿರುಗುವ ಅಣು ಹೀರುವ ಬೆಳಕಿನ ಗೆರೆಗಳ ಸಾಲಿನಲ್ಲಿ) ಎಚ್‌ಸಿಎಲ್, ಅಂದರೆ ಹೈಡ್ರೋಜನ್ ಕ್ಲೋರೈಡ್ ಗೆರೆಗಳ ಅಂತರ 20.8 ಸೆಂ.ಮೀ.⁻¹, ಅದರಿಂದ ಬಾಂಡ್ ಉದ್ದ (ಎರಡು ಪರಮಾಣುಗಳ ನಡುವಿನ ದೂರ) 0.91 ಆಂಗ್‌ಸ್ಟ್ರಮ್ ಬರುತ್ತಿದೆ, ಪುಸ್ತಕದಲ್ಲಿ ಮಾತ್ರ 1.29 ಇದೆ ಅಂತ ಕೇಳಿದ್ದೀರಿ. ಸುಮ್ನೆ 1.29ನ್ನು 0.91ರಿಂದ ಭಾಗಿಸಿ ನೋಡಿ. ಹತ್ತಿರ ಹತ್ತಿರ 1.41, ಅಂದರೆ 2ರ ವರ್ಗಮೂಲ! ಕಳ್ಳ ಅಲ್ಲೇ ಸಿಕ್ಕಿಬಿದ್ದ. ಎಲ್ಲೋ ಒಂದು 2 ಬಿಟ್ಟುಹೋಗಿದೆ.

ನೀವು 20.8ನ್ನೇ ಬಿ, ಅಂದರೆ ಅಣುವಿನ ರೊಟೇಶನಲ್ ಕಾನ್‌ಸ್ಟಂಟ್ ಅಂದುಕೊಂಡಿದ್ದೀರಿ. ಶಕ್ತಿಯ ಮಟ್ಟಗಳು ಬಿ × ಜೆ × (ಜೆ+1), ಇಲ್ಲಿ ಜೆ ಅಂದರೆ ಮಟ್ಟದ ಸಂಖ್ಯೆ 0, 1, 2, 3. ಹಾಗಾಗಿ ಮಟ್ಟಗಳು 0, 2ಬಿ, 6ಬಿ, 12ಬಿ. ಅಣು ಒಂದೊಂದೇ ಮೆಟ್ಟಿಲು ಹತ್ತುತ್ತದೆ, ಅಲ್ವಾ? ಹಾಗಾಗಿ ಗೆರೆಗಳು ಬೀಳುವುದು 2ಬಿ, 4ಬಿ, 6ಬಿ ಜಾಗದಲ್ಲಿ. ಅವುಗಳ ಅಂತರ 2ಬಿ. ನಿಮ್ಮ ಬಿ ಬೆಲೆ 10.4 ಆಗಬೇಕು.

ಉಳಿದದ್ದು ಬರೀ ಲೆಕ್ಕ. ಈ ಬಿಯಿಂದ ಬರುವ ಜಡತ್ವದ ಮೊಮೆಂಟ್ (ತಿರುಗುವುದಕ್ಕೆ ಅಣು ಒಡ್ಡುವ ಜಡತ್ವ) 2.69×10⁻⁴⁷ ಕೆ.ಜಿ. ಮೀ². ರೆಡ್ಯೂಸ್ಡ್ ಮಾಸ್ (ಎರಡು ಪರಮಾಣುಗಳ ಬದಲಿಗೆ ಲೆಕ್ಕಕ್ಕೆ ಹಿಡಿಯುವ ಒಂದೇ ದ್ರವ್ಯರಾಶಿ) 1.627×10⁻²⁷ ಕೆ.ಜಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.29 ಆಂಗ್‌ಸ್ಟ್ರಮ್.

ಬಿಯಿಂದ ಜಡತ್ವದ ಮೊಮೆಂಟ್ ತೆಗೆಯುವ ಸೂತ್ರದಲ್ಲಿ ಬೆಳಕಿನ ವೇಗವೂ ಇದೆ. ಬಿ ಸೆಂ.ಮೀ.⁻¹ನಲ್ಲೇ ಇದ್ದರೆ ಆ ವೇಗವನ್ನೂ ಸೆಂ.ಮೀ.ನಲ್ಲೇ ಹಾಕಿ, 3×10¹⁰. ನಾನೊಮ್ಮೆ ಪರೀಕ್ಷೆಯಲ್ಲಿ 3×10⁸ ಹಾಕಿ 12.9 ಆಂಗ್‌ಸ್ಟ್ರಮ್ ಉದ್ದದ ಬಾಂಡ್ ಬರೆದು ಬಂದಿದ್ದೆ!