ಊರಿಗೆ ಶುದ್ಧ ನೀರಿನ ಘಟಕ ಕೇಳಿದ ಪ್ರಪೋಸಲ್ ವಾಪಸ್ ಬಂತು. ‘ಲಾಜಿಕ್ ಮಾಡೆಲ್’ ಬರೆಯುವುದು ಹೇಗೆ?

ನಮಸ್ಕಾರ. ಪಾವಗಡ ಕಡೆಯ ಊರು, ನಿಮ್ಮದೊಂದು ಯುವಕ ಸಂಘ, ಕಂಪನಿಯೊಂದರ ಸಿಎಸ್‌ಆರ್ ದುಡ್ಡಿಗೆ, ಅಂದರೆ ಸಮಾಜದ ಕೆಲಸಕ್ಕೆ ಅಂತ ಕಂಪನಿ ಕೊಡುವ ದುಡ್ಡಿಗೆ, ಅರ್ಜಿ ಹಾಕಿದ್ದೀರಿ. “ನಮ್ಮೂರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇಲ್ಲ” ಅಂತ ಸಮಸ್ಯೆ ಬರೆದಿದ್ದಕ್ಕೆ, ಸಮಸ್ಯೆ ಸ್ಪಷ್ಟವಾಗಿಲ್ಲ, ಲಾಜಿಕ್ ಮಾಡೆಲ್ ಸೇರಿಸಿ ಅಂತ ವಾಪಸ್ ಕಳಿಸಿದ್ದಾರೆ. ಬೇಜಾರು ಮಾಡ್ಕೋಬೇಡಿ. ಅವರು ಕೇಳಿದ್ದು ಸರಿಯಾಗಿಯೇ ಇದೆ. ನಾನು ಹನ್ನೆರಡು ವರ್ಷ ಅದೇ ಸೀಮೆಯಲ್ಲಿ ನೀರಿನ ಕೆಲಸ ಮಾಡಿದವಳು. ಇದೇ ತಪ್ಪನ್ನು ನಾವೂ ಮಾಡಿದ್ದೆವು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

“ಘಟಕ ಇಲ್ಲ” ಅನ್ನುವುದು ಸಮಸ್ಯೆ ಅಲ್ಲ. ಅದು ನೀವು ಮೊದಲೇ ತೀರ್ಮಾನ ಮಾಡಿಟ್ಟುಕೊಂಡ ಪರಿಹಾರ. ಹಾಗೆ ಬರೆದರೆ ಘಟಕ ಬಂದ ದಿನವೇ ಸಮಸ್ಯೆ ಮುಗಿಯಿತು ಅಂತ ಆಗುತ್ತೆ, ಅಲ್ವಾ? ಆ ದಿನ ಊರಿನ ಒಂದು ಮಗುವಿಗೂ ಏನೂ ಒಳ್ಳೆಯದಾಗಿರುವುದಿಲ್ಲ.

ನಾವು ಒಂದು ಊರಿನಲ್ಲಿ ಘಟಕ ಹಾಕಿಸಿದೆವು. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬುತ್ತಿತ್ತು. ದಿನಕ್ಕೆ ಎಷ್ಟು ಕ್ಯಾನ್ ಹೋಯಿತು ಅಂತ ಲೆಕ್ಕ ಇಟ್ಟು ವರದಿ ಕಳಿಸುತ್ತಿದ್ದೆವು, ದುಡ್ಡು ಕೊಟ್ಟವರಿಗೂ ಖುಷಿ. ವರ್ಷದ ಮೇಲೆ ಮನೆಮನೆಗೆ ಹೋಗಿ ಅಡುಗೆಮನೆಯಲ್ಲಿ ಕೂತು ಮಾತಾಡಿದಾಗ ಗೊತ್ತಾಗಿದ್ದು ಬೇರೆ. ಕುಡಿಯೋಕೆ ಮಾತ್ರ ಘಟಕದ ನೀರು. ಮುದ್ದೆಗೆ, ಅನ್ನಕ್ಕೆ, ಸಾರಿಗೆ ಬೋರ್‌ವೆಲ್ ನೀರೇ. “ಕುದಿಸ್ತೀವಲ್ಲಾ ಮೇಡಂ, ಏನಾಗುತ್ತೆ?” ಅಂತ ಕೇಳಿದರು. ನಮ್ಮ ಸೀಮೆಯ ಬೋರ್‌ವೆಲ್ ನೀರಿನ ತೊಂದರೆಯೇ ಫ್ಲೋರೈಡ್, ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುವ ಲವಣ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಜಾಸ್ತಿಯೇ ಆಗುತ್ತೆ. ಇದನ್ನು ನಾವು ಅವರಿಗೆ ಹೇಳಿಯೇ ಇರಲಿಲ್ಲ. ಊರಾಚೆಯ ಕಾಲೋನಿಯಲ್ಲಿ ಬೈಕ್ ಇದ್ದ ಮನೆಗಳಿಗೆ ಮಾತ್ರ ಕ್ಯಾನ್ ಬರುತ್ತಿತ್ತು. ಅಂಗನವಾಡಿಯಲ್ಲಂತೂ ಕುಡಿಯೋಕೂ ಅಡುಗೆಗೂ ಬೋರ್‌ವೆಲ್ ನೀರು. ಅಲ್ಲಿ ಇರೋದೇ ಒಬ್ಬ ಸಹಾಯಕಿ. ಮಕ್ಕಳನ್ನು ಕರೆತಂದು, ಗುಡಿಸಿ, ಅಡುಗೆ ಮಾಡಿ, ಮತ್ತೆ ಕ್ಯಾನ್ ಹೊತ್ತು ತನ್ನಿ ಅಂದರೆ ಆಕೆ ಎಲ್ಲಿಂದ ತರಬೇಕು? ಯಾವ ಮಕ್ಕಳ ಹೆಸರು ಹೇಳಿ ದುಡ್ಡು ತಂದಿದ್ದೆವೋ ಆ ಮಕ್ಕಳಿಗೇ ನೀರು ತಲುಪಿರಲಿಲ್ಲ. ಅವತ್ತಿನ ಸಂಕಟ ನನಗೆ ಇನ್ನೂ ಹೋಗಿಲ್ಲ.

ಹಾಗಾಗಿ ಮೊದಲು ಸಮಸ್ಯೆಯನ್ನು ಸರಿಯಾಗಿ ಬರೆಯಿರಿ. ಯಾರಿಗೆ ತೊಂದರೆ, ಎಷ್ಟು ಜನಕ್ಕೆ, ಏನು ತೊಂದರೆ, ಯಾಕೆ ಆಗುತ್ತಿದೆ, ನಿಮಗೆ ಹೇಗೆ ಗೊತ್ತು. ಇಷ್ಟೇ. ಅದರಲ್ಲಿ ಪರಿಹಾರದ ಹೆಸರೇ ಬರಬಾರದು. ನಿಮ್ಮದು ಹೆಚ್ಚುಕಡಿಮೆ ಹೀಗಿರಬಹುದು: “ನಮ್ಮೂರಿನ ಕೊಳವೆಬಾವಿಗಳ ನೀರಿನಲ್ಲಿ ಲೀಟರಿಗೆ ಇಷ್ಟು ಮಿಲಿಗ್ರಾಂ ಫ್ಲೋರೈಡ್ ಇದೆ ಎಂದು ಇಂಥ ತಿಂಗಳ ಪರೀಕ್ಷೆಯಲ್ಲಿ ಕಂಡಿದೆ. ಎಂಟು ವರ್ಷದೊಳಗಿನ ಇಷ್ಟು ಮಕ್ಕಳು ಮನೆಯಲ್ಲಿ, ಅಂಗನವಾಡಿಯಲ್ಲಿ, ಶಾಲೆಯಲ್ಲಿ ಇದೇ ನೀರು ಕುಡಿಯುತ್ತಾರೆ, ಇದರಲ್ಲೇ ಮಾಡಿದ ಅಡುಗೆ ಉಣ್ಣುತ್ತಾರೆ. ಬೇರೆ ನೀರಿನ ಮೂಲ ಇಷ್ಟು ದೂರದಲ್ಲಿದೆ.” ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ನಿಮ್ಮ ಅಂಕಿಯನ್ನು ಇದರ ಪಕ್ಕದಲ್ಲಿಡಿ. ಎಂಟು ವರ್ಷ ಅಂತ ಯಾಕೆ ಅಂದರೆ, ಹೆಚ್ಚುಕಡಿಮೆ ಆ ವಯಸ್ಸಿನವರೆಗೆ ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುತ್ತಾ ಇರುತ್ತವೆ. ಫ್ಲೋರೈಡಿನಿಂದ ಹಲ್ಲಿನ ಮೇಲೆ ಕಲೆ ಆಗ ಕೂತರೆ ಮತ್ತೆ ತಾನಾಗಿ ಹೋಗುವುದಿಲ್ಲ. ನೋಡಿ, ಇಷ್ಟು ಬರೆಯುವಷ್ಟರಲ್ಲೇ ಕೆಲಸ ಯಾರಿಂದ ಶುರುವಾಗಬೇಕು ಅಂತ ಕಾಣುತ್ತೆ. ಘಟಕವೇ ಬೇಕಾ ಅನ್ನುವ ಪ್ರಶ್ನೆಯೂ ಏಳುತ್ತೆ. 100 ಚದರ ಮೀಟರ್ ಶಾಲೆಯ ತಾರಸಿ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ 50 ಸಾವಿರ ಲೀಟರ್ ಆಯ್ತು. ಸೋರಿಹೋಗಿದ್ದು, ಮೊದಲ ಮಳೆಯಲ್ಲಿ ತೊಳೆದುಹೋಗಿದ್ದು ಕಳೆದರೂ 40 ಸಾವಿರ ಉಳಿಯುತ್ತೆ, ಹಿಡಿದಿಡಲು ತೊಟ್ಟಿ ಇದ್ದರೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕುಡಿಯೋಕೆ ಕೊಡುವ ಮುಂಚೆ ಸೋಸಿ ಕ್ರಿಮಿ ಕೊಲ್ಲಲೇಬೇಕು.

ಇನ್ನು ಲಾಜಿಕ್ ಮಾಡೆಲ್. ಹೆಸರು ಕೇಳಿ ಹೆದರಬೇಡಿ, ಒಂದು ಹಾಳೆಯಲ್ಲಿ ಐದು ಕಾಲಂ. ನಮ್ಮ ಕೈಯಲ್ಲಿ ಏನಿದೆ, ಏನು ಮಾಡುತ್ತೇವೆ, ಅದರಿಂದ ಕಣ್ಣಿಗೆ ಕಾಣುವಂಥದ್ದು ಏನು ಹುಟ್ಟುತ್ತೆ, ಜನರ ನಡವಳಿಕೆಯಲ್ಲಿ ಏನು ಬದಲಾಗುತ್ತೆ, ಕೊನೆಗೆ ಬದುಕಿನಲ್ಲಿ ಏನು ಬದಲಾಗುತ್ತೆ. ಮೂರನೆಯದನ್ನು ಔಟ್‌ಪುಟ್ ಅಂತಾರೆ, ನಾಲ್ಕನೆಯದನ್ನು ಔಟ್‌ಕಮ್. ನಾವು ಕ್ಯಾನ್ ಎಣಿಸಿ ಕೂತಿದ್ದು ಔಟ್‌ಪುಟ್. “ಅಂಗನವಾಡಿಯ ಎಲ್ಲ ಮಕ್ಕಳ ಊಟ ಸುರಕ್ಷಿತ ನೀರಿನಲ್ಲಿ ಆಗುತ್ತಿದೆ” ಅನ್ನುವುದು ಔಟ್‌ಕಮ್.

ಬಲಗಡೆಯಿಂದ ಎಡಕ್ಕೆ ಬರೆಯುತ್ತಾ ಬನ್ನಿ. ಎಡಗಡೆಯಿಂದ ಶುರು ಮಾಡಿದರೆ ಕೈ ತಾನಾಗಿ “ಘಟಕ” ಅಂತಲೇ ಬರೆಯುತ್ತೆ. ಕಾಲಂಗಳ ನಡುವೆ ಬಾಣ ಹಾಕುತ್ತೀರಲ್ಲ, ನಿಜವಾದ ಕೆಲಸ ಇರೋದು ಅಲ್ಲೇ. ಪ್ರತಿ ಬಾಣವೂ ನಿಮ್ಮ ಒಂದು ಊಹೆ. ಅದರ ಕೆಳಗೆ ಆ ಊಹೆ ಏನು ಅಂತ ಬರೆಯಿರಿ. ಘಟಕದಿಂದ ಮನೆಗೆ ಒಂದು ಬಾಣ: ಯಾರು ಹೊರುತ್ತಾರೆ? ಮನೆಯಿಂದ ಅಡುಗೆ ಪಾತ್ರೆಗೆ ಇನ್ನೊಂದು: ಮುದ್ದೆಗೆ ದುಡ್ಡು ಕೊಟ್ಟ ನೀರು ಹಾಕಲು ಮನಸ್ಸು ಬರುತ್ತಾ? ಎರಡನೇ ವರ್ಷಕ್ಕೆ ಒಂದು: ಘಟಕದಲ್ಲಿ ನೀರು ಸೋಸುವ ಪೊರೆ (ಮೆಂಬ್ರೇನ್) ಬದಲಿಸುವ ದುಡ್ಡು ಎಲ್ಲಿಂದ, ಕರೆಂಟ್ ಬಿಲ್ ಯಾರದು, ಕೆಟ್ಟರೆ ಯಾರಿಗೆ ಫೋನ್? ಘಟಕ ಆರ್‌ಒ ಆದರೆ, ಅಂದರೆ ಒತ್ತಡ ಹಾಕಿ ಆ ಪೊರೆಯ ಮೂಲಕ ನೀರು ಸೋಸುವಂಥದ್ದಾದರೆ, ಫ್ಲೋರೈಡ್ ತುಂಬಿದ ವೇಸ್ಟ್ ನೀರು ಎಲ್ಲಿಗೆ ಹೋಗುತ್ತೆ ಅಂತಲೂ ಬರೆಯಬೇಕು. ಈ ಊಹೆಗಳನ್ನು ಹಿಡಿದುಕೊಂಡು ಹತ್ತು ಮನೆ ಸುತ್ತಿ ಬನ್ನಿ. ಹೆಂಗಸರನ್ನು ಕೇಳಿ, ಅಂಗನವಾಡಿ ಸಹಾಯಕಿಯನ್ನು ಕೇಳಿ, ನೀರುಗಂಟಿಯನ್ನು ಕೇಳಿ. ಎರಡು ಮೂರು ಬಾಣ ಅಲ್ಲೇ ಮುರಿಯುತ್ತವೆ. ಮುರಿದ ಕಡೆ ಏನು ಬೇಕೋ ಅದನ್ನೇ ಚಟುವಟಿಕೆಯ ಕಾಲಂಗೆ ಸೇರಿಸಿ. ನಾವು ಮುಂದೆ ಅಂಗನವಾಡಿಗೆ ನೀರು ತಲುಪಿಸಲು ತಳ್ಳುಗಾಡಿಗೂ ಆಳಿಗೂ ದುಡ್ಡು ಇಡಲು ಶುರು ಮಾಡಿದ್ದು ಹೀಗೆಯೇ.

ಇನ್ನೊಂದು ಮಾತು. ಒಂದು ವರ್ಷದ ಪ್ರಾಜೆಕ್ಟಿನಲ್ಲಿ “ಹಲ್ಲಿನ ಕಲೆ ಕಡಿಮೆಯಾಗುತ್ತೆ” ಅಂತ ದಯವಿಟ್ಟು ಬರೆಯಬೇಡಿ. ಇವತ್ತು ಎರಡು ವರ್ಷದ ಮಗುವಿಗೆ ಮುಂಭಾಗದ ಶಾಶ್ವತ ಹಲ್ಲು ಬರೋದು ಆರರಿಂದ ಎಂಟು ವರ್ಷ ವಯಸ್ಸಾದಾಗ. ಅದು ಐದನೇ ಕಾಲಂ ಮಾತು. ಒಂದು ವರ್ಷಕ್ಕೆ, ಎಷ್ಟು ಮನೆ ಅಡುಗೆಗೂ ಒಳ್ಳೆ ನೀರು ಬಳಸುತ್ತಿವೆ, ಅಂಗನವಾಡಿಯಲ್ಲಿ ತಿಂಗಳಿಗೆ ಎಷ್ಟು ದಿನ ಒಳ್ಳೆ ನೀರು ತಪ್ಪಿತು, ಇವೆರಡನ್ನು ಅಳೆದರೆ ಸಾಕು.

ಸದ್ಯಕ್ಕೆ ಅರ್ಜಿ ಪಕ್ಕಕ್ಕಿಡಿ. ಜಲ ಜೀವನ್ ಮಿಷನ್‌ನಲ್ಲಿ ನೀರು ಪರೀಕ್ಷೆ ಮಾಡಲು ಊರಿಗೆ ಐದು ಹೆಂಗಸರಿಗೆ ತರಬೇತಿ ಕೊಡುವ ವ್ಯವಸ್ಥೆ ಇದೆ. ನಿಮ್ಮೂರಿನಲ್ಲಿ ಅವರು ಯಾರು, ಕಿಟ್ ಎಲ್ಲಿದೆ ಅಂತ ಪಂಚಾಯಿತಿಯಲ್ಲಿ ವಿಚಾರಿಸಿ. ಅವರಿಂದ ಪ್ರತಿ ಬೋರ್‌ವೆಲ್ ನೀರೂ ಪರೀಕ್ಷೆ ಆಗಲಿ, ಒಂದು ಸ್ಯಾಂಪಲ್ ಲ್ಯಾಬಿಗೂ ಹೋಗಲಿ. ಅಂಕಿ ಕೈಗೆ ಬಂದ ಮೇಲೆ ನಿಮ್ಮ ಹೊಸ ಸಮಸ್ಯೆಯ ಪ್ಯಾರಾ ಇಲ್ಲೇ ಕೆಳಗೆ ಹಾಕಿ, ಕೂತು ನೋಡೋಣ.