ಎಲೆರೋಗ ಹೇಳುವ ಆ್ಯಪ್‌ಗಳ 99%: ಮೂಲ ಪೇಪರ್ ಹುಡುಕೋದು, ಓದೋದು ಹೇಗೆ

ಎಲೆಯ ಫೋಟೊ ನೋಡಿ ಎಐ ರೋಗ ಹೇಳುತ್ತೆ, 99% ನಿಖರ, ಸಂಶೋಧನೆಯಿಂದ ಸಾಬೀತು ಅನ್ನೋ ಜಾಹೀರಾತನ್ನು ಎಲ್ಲಿ ತಾಳೆ ನೋಡೋದು ಅಂತ ಕೇಳಿದ್ದೀರಿ ಸರ್. ಸುದ್ದಿ, ಯೂಟ್ಯೂಬ್ ಬಿಟ್ಟು ನೇರ ಮೂಲ ಪೇಪರಿಗೇ, ಅಂದ್ರೆ ಸಂಶೋಧನಾ ಪ್ರಬಂಧಕ್ಕೇ ಹೋಗಿ.

ಈ ಬಗೆಯ ಅಂಕಿಗಳಲ್ಲಿ ಹೆಸರಾಗಿರೋದು ಮೊಹಾಂತಿ, ಹ್ಯೂಸ್, ಸಲಾಥೆ ಅವರ 2016ರ ಪೇಪರ್. ಫ್ರಾಂಟಿಯರ್ಸ್ ಇನ್ ಪ್ಲಾಂಟ್ ಸೈನ್ಸ್ ಪತ್ರಿಕೆಯಲ್ಲಿದೆ, ಉಚಿತವಾಗಿ ಸಿಗುತ್ತೆ. ಪ್ಲಾಂಟ್‌ವಿಲೇಜ್ ಅನ್ನೋ ಡೇಟಾಸೆಟ್‌ನ (ಫೋಟೊ ಸಂಗ್ರಹದ) 54,306 ಫೋಟೊ, 14 ಬೆಳೆ, 26 ರೋಗ, ಫಲಿತಾಂಶ 99.35%. ಎಲ್ಲರೂ ಎತ್ತಿ ಹೇಳೋದು ಇಷ್ಟನ್ನೇ. ಅದೇ ಪೇಪರಿನಲ್ಲಿ ಮುಂದೆ ಓದಿ: ಬೇರೆ ಪರಿಸ್ಥಿತಿಯಲ್ಲಿ ತೆಗೆದ ಫೋಟೊ ಕೊಟ್ಟಾಗ ನಿಖರತೆ 31% ಆಸುಪಾಸಿಗೆ ಇಳಿದಿದೆ. ಎಐಗೆ ಕಲಿಸೋಕೆ ಬಳಸಿದ ತರಬೇತಿಯ ಫೋಟೊಗಳೆಲ್ಲ ಎಲೆ ಕಿತ್ತು, ಸಾದಾ ಹಿನ್ನೆಲೆಯ ಮೇಲಿಟ್ಟು ತೆಗೆದವು. ತೋಟದ ನೆರಳು, ಮಣ್ಣು, ಒಂದರ ಮೇಲೊಂದು ಬಿದ್ದ ಎಲೆ ಅಲ್ಲಿಲ್ಲ. ಆ 14 ಬೆಳೆಗಳಲ್ಲಿ ಅಡಿಕೆ, ಕಾಫಿ, ಭತ್ತ ಕೂಡ ಇಲ್ಲ!

ಗೂಗಲ್ ಸ್ಕಾಲರ್‌ನಲ್ಲಿ ಪೇಪರಿನ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ, ಕೆಳಗಿನ 'ಸೈಟೆಡ್ ಬೈ' (ಇದನ್ನು ಉಲ್ಲೇಖಿಸಿದ ಪೇಪರ್‌ಗಳು) ಒತ್ತಿ. ಆಮೇಲೆ ಬಂದವರು ಎತ್ತಿದ ತಕರಾರು ಅಲ್ಲಿರುತ್ತೆ. ಉದಾಹರಣೆಗೆ, 2022ರಲ್ಲಿ ನೋಯಾನ್ ಅನ್ನೋ ಸಂಶೋಧಕರು ಅದೇ ಡೇಟಾಸೆಟ್‌ನಲ್ಲಿ ಎಲೆಯನ್ನೇ ಬಿಟ್ಟು ಹಿನ್ನೆಲೆಯ ಬರೀ 8 ಪಿಕ್ಸೆಲ್ ಕೊಟ್ಟರೂ 49% ಸರಿಯುತ್ತರ ಬಂತು. ಕಣ್ಮುಚ್ಚಿ ಊಹಿಸಿದ್ರೆ 2.6% ಬರಬೇಕಿತ್ತು. ಅಂದ್ರೆ ಎಐ ಮಾಡೆಲ್ ಹಿನ್ನೆಲೆ ನೋಡಿಯೂ ಉತ್ತರ ಕಲಿಯಬಲ್ಲದು. ಇದು ಸಂಶೋಧಕರು ತಾವೇ ಪೇಪರ್ ಹಾಕೋ ಆರ್ಕೈವ್ (arXiv) ತಾಣದಲ್ಲಿದೆ. ಅಲ್ಲಿ ಹಾಕೋಕೆ ಪೀರ್ ರಿವ್ಯೂ (ಬೇರೆ ತಜ್ಞರ ಪರಿಶೀಲನೆ) ಬೇಕಿಲ್ಲ, ಹಾಗಂತ ಅಲ್ಲಿರೋದೆಲ್ಲ ಕಳಪೆಯೂ ಅಲ್ಲ. ನಂತರ ಪತ್ರಿಕೆಯಲ್ಲೋ ಸಮ್ಮೇಳನದಲ್ಲೋ ಬಂದಿದ್ರೆ ಆ ಆವೃತ್ತಿಯನ್ನೇ ಓದಿ.

ಪೇಪರ್ ಕೈಗೆ ಬಂದಾಗ ಸಾರಾಂಶಕ್ಕಿಂತ ಮೊದಲು ಡೇಟಾ ಭಾಗ ತೆಗೀರಿ. ಪರೀಕ್ಷೆಯ ಫೋಟೊ ಎಲ್ಲಿಂದ ಬಂದವು? ಒಂದೇ ಎಲೆಯ ಹಲವು ಫೋಟೊ ತರಬೇತಿಗೂ ಪರೀಕ್ಷೆಗೂ ಹಂಚಿಹೋಗಿವೆಯಾ? ಫೋಟೊ ತಿರುಗಿಸಿ, ಕತ್ತರಿಸಿ ಸಂಖ್ಯೆ ಹೆಚ್ಚಿಸಿ ಆಮೇಲೆ ಪಾಲು ಮಾಡಿದ್ರೆ ಹೀಗಾಗಿಯೇ ಆಗುತ್ತೆ, ಪ್ರಶ್ನೆಪತ್ರಿಕೆ ಮೊದಲೇ ಸೋರಿದಂತೆ. ಇನ್ನೊಂದು: 1000 ಫೋಟೊಗಳಲ್ಲಿ 900 ಆರೋಗ್ಯವಂತ ಎಲೆಯದಾಗಿದ್ರೆ, ಎಲ್ಲವನ್ನೂ 'ಚೆನ್ನಾಗಿದೆ' ಅಂದುಬಿಟ್ಟರೂ 90% ಬರುತ್ತೆ. ಅದಕ್ಕೇ ಪ್ರತಿ ರೋಗಕ್ಕೂ ಬೇರೆ ಬೇರೆ ರಿಕಾಲ್ (ಆ ರೋಗ ನಿಜಕ್ಕೂ ಇದ್ದ ಫೋಟೊಗಳಲ್ಲಿ ಎಷ್ಟನ್ನು ಹಿಡಿದಿದೆ ಅನ್ನೋ ಲೆಕ್ಕ) ಕೊಟ್ಟ ಪಟ್ಟಿ ಹುಡುಕಿ. ಆ ಪಟ್ಟಿ ಇಲ್ಲದ ಪೇಪರನ್ನು ನಾನಂತೂ ಪಕ್ಕಕ್ಕಿಡ್ತೀನಿ.

ಚಾಟ್‌ಜಿಪಿಟಿ ಥರದವನ್ನು ಕೇಳಿದ್ರೆ ಇಲ್ಲದ ಪೇಪರಿನ ಹೆಸರೂ ಬರಬಹುದು. ಪ್ರತಿ ಪೇಪರಿನ ಗುರುತಾದ ಡಿಒಐ ಸಂಖ್ಯೆಯನ್ನು ಡಿಒಐ ಡಾಟ್ ಆರ್ಗ್‌ನಲ್ಲಿ ಹಾಕಿ, ತೆರೆದ ಪುಟದ ಶೀರ್ಷಿಕೆ, ಲೇಖಕರು ಹೊಂದುತ್ತಾರಾ ನೋಡಿ. ವಾಪಸ್ ಪಡೆದ ಪೇಪರಾ ಅನ್ನೋದನ್ನು ರಿಟ್ರಾಕ್ಷನ್ ವಾಚ್ ಪಟ್ಟಿಯಲ್ಲಿ ನೋಡಬಹುದು. 2023ರಲ್ಲಿ ಹಿಂದಾವಿ ಪ್ರಕಾಶನ ಒಂದೇ 8,000ಕ್ಕೂ ಹೆಚ್ಚು ಪೇಪರ್ ವಾಪಸ್ ಪಡೆದಿದೆ.

ನಮ್ಮ ಬೆಳೆಗಳಿಗೆ ಕೃಷಿಕೋಶ ಅನ್ನೋ ತಾಣ ನೋಡಿ, ಕೃಷಿ ವಿವಿಗಳ ಪ್ರಬಂಧಗಳು ಅಲ್ಲಿವೆ. ಹೊರಗಿನ ಸಹಜ ಫೋಟೊಗಳ ಕೆಲಸ ಬೇಕಿದ್ರೆ ಐಐಟಿ ಗಾಂಧಿನಗರದವರ ಪ್ಲಾಂಟ್‌ಡಾಕ್ ಪೇಪರ್ ಓದಿ; 2,598 ಫೋಟೊ, 13 ಜಾತಿಯ ಗಿಡ. ಆ್ಯಪ್ ಕಂಪನಿಗೆ ನೀವು ಕೇಳಬೇಕಾದ್ದು ಇಷ್ಟೇ: ಪೇಪರಿನ ಡಿಒಐ ಕೊಡಿ, ನನ್ನ ಬೆಳೆಯ ಎಷ್ಟು ತೋಟದ ಫೋಟೊ ಮೇಲೆ ಪರೀಕ್ಷೆ ಮಾಡಿದ್ದೀರಿ ಹೇಳಿ.