ಫೇರ್‌ಫ್ಯಾಕ್ಸ್ ಕೌಂಟಿ ರಿಚ್ಮಂಡ್‌ಗೆ ಬೇಡಿಕೆ ಪಟ್ಟಿ ಕಳಿಸುವುದು ಯಾಕೆ? ಹೊಸದಾಗಿ ಬಂದವರಿಗೊಂದು ಉತ್ತರ

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು, ಬಂದ ಹೊಸದರಲ್ಲಿ ಇದನ್ನು ಕೇಳುವವರು ಕಡಿಮೆ. ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯ ಚಾಂಟಿಲಿಯಲ್ಲಿ ಮನೆ ಹತ್ತಿರದ ರಸ್ತೆಯಲ್ಲಿ ಗುಂಡಿ ಬಿದ್ದಿದೆ, ಕೌಂಟಿಗೆ ಫೋನ್ ಮಾಡಿದರೆ ಅದು ನಮ್ಮ ಕೆಲಸ ಅಲ್ಲ ಅಂದರು, ಹೋಟೆಲ್ ಬಿಲ್‌ನಲ್ಲಿ 4% ಹೊಸ ತೆರಿಗೆ ಕಾಣಿಸುತ್ತಿದೆ, ಈಗ ಅದೇ ಕೌಂಟಿ ರಾಜಧಾನಿ ರಿಚ್ಮಂಡ್‌ನಲ್ಲಿರುವ ರಾಜ್ಯದ ಶಾಸನಸಭೆಗೆ ತನ್ನ ಬೇಡಿಕೆ ಪಟ್ಟಿ ಮಾಡುತ್ತಿದೆಯಂತೆ, ಎಚ್-1ಬಿ ಕೆಲಸದ ವೀಸಾದಲ್ಲಿ ಇರುವ ನಮಗೆ ಇದೆಲ್ಲ ಯಾಕೆ ಅಂತ ಕೇಳಿದ್ದೀರಿ. ಈ ಮೂರಕ್ಕೂ ಬೇರು ಒಂದೇ.

ವರ್ಜೀನಿಯಾದಲ್ಲಿ ಡಿಲನ್ ರೂಲ್ ನಡೆಯುತ್ತದೆ. 1868ರಲ್ಲಿ ಅಯೋವಾದ ಜಡ್ಜ್ ಜಾನ್ ಡಿಲನ್ ಬರೆದ ತೀರ್ಪಿನಿಂದ ಬಂದ ಹೆಸರು ಅದು. ರಾಜ್ಯ ಕಾನೂನು ಮಾಡಿ ಎಷ್ಟು ಅಧಿಕಾರ ಕೊಟ್ಟಿದೆಯೋ ಕೌಂಟಿಗೆ ಅಷ್ಟೇ. ಕೊಟ್ಟಿದೆಯೋ ಇಲ್ಲವೋ ಅಂತ ಅನುಮಾನ ಬಂದರೆ, ಇಲ್ಲ ಅಂತಲೇ ಲೆಕ್ಕ. ಹನ್ನೊಂದು ಲಕ್ಷಕ್ಕಿಂತ ಜಾಸ್ತಿ ಜನ ಇರುವ, ರಾಜ್ಯದಲ್ಲೇ ದೊಡ್ಡ ಕೌಂಟಿ ನಮ್ಮದು. ಆದರೂ ಪ್ಲಾಸ್ಟಿಕ್ ಚೀಲಕ್ಕೆ 5 ಸೆಂಟ್ ತೆರಿಗೆ ಹಾಕಲು 2020ರಲ್ಲಿ ರಿಚ್ಮಂಡ್‌ನವರು ಕಾನೂನು ಮಾಡಿಕೊಡಬೇಕಾಯಿತು. ಇಲ್ಲಿ ಅದು ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಬೆಂಗಳೂರಿನ ಪಾಲಿಕೆ ವಿಧಾನಸೌಧದ ಕಡೆ ನೋಡಿಕೊಂಡು ಕೂರುವುದನ್ನು ಕಂಡವರು ನಾವು, ನಮಗೆ ಇದು ಬೇಗ ಅರ್ಥ ಆಗುತ್ತದೆ.

ರಸ್ತೆ ವಿಷಯವೂ ಹೀಗೆಯೇ. 1932ರ ಬರ್ಡ್ ರೋಡ್ ಆಕ್ಟ್ ಬಂದ ಮೇಲೆ ಕೌಂಟಿ ರಸ್ತೆಗಳು ರಾಜ್ಯದ ಕೈಗೆ ಹೋದವು. ಸ್ವಂತ ರಸ್ತೆ ಇಟ್ಟುಕೊಂಡಿರುವ ಕೌಂಟಿಗಳು ಎರಡೇ, ಆರ್ಲಿಂಗ್ಟನ್ ಮತ್ತು ಹೆನ್ರೈಕೋ. ಹಾಗಾಗಿ ನಿಮ್ಮ ಗುಂಡಿಯ ದೂರು ರಾಜ್ಯದ ಸಾರಿಗೆ ಇಲಾಖೆಗೆ, ಅಂದರೆ ವಿಡಾಟ್‌ಗೆ ಹೋಗಬೇಕು. ಟೌನ್‌ಹೌಸ್ ಒಳಗಿನ ಓಣಿಯಾದರೆ ಅದು ಎಚ್‌ಒಎಯದ್ದೂ, ಅಂದರೆ ಅಲ್ಲಿನ ಮನೆ ಮಾಲೀಕರ ಸಂಘದ್ದೂ ಇರಬಹುದು, ಮೊದಲು ಅದನ್ನು ವಿಚಾರಿಸಿ.

ಊಟದ ತೆರಿಗೆಯ ಕಥೆ ಸ್ವಲ್ಪ ಉದ್ದ. ಇಲ್ಲಿನ ಸಿಟಿ, ಟೌನ್‌ಗಳು ತಾವೇ ತೀರ್ಮಾನ ಮಾಡಿ ಈ ತೆರಿಗೆ ಹಾಕಬಹುದಿತ್ತು, ಕೌಂಟಿಗಳು ಮಾತ್ರ ಜನಮತ ಕೇಳಬೇಕಿತ್ತು. 2016ರಲ್ಲಿ ಕೇಳಿದರು, ಜನ ಬೇಡ ಅಂದರು. 2020ರಲ್ಲಿ ಶಾಸನಸಭೆ ಆ ಷರತ್ತು ತೆಗೆದುಹಾಕಿತು. 2025ರ ಬಜೆಟ್ ಹೊತ್ತಿಗೆ ಕೌಂಟಿ ನಡೆಸುವ ನಮ್ಮ ಬೋರ್ಡ್ 4% ಅಂತ ನಿರ್ಧಾರ ಮಾಡಿ 2026ರ ಜನವರಿ 1ರಿಂದ ಜಾರಿ ಮಾಡಿತು. ಮಾರಾಟ ತೆರಿಗೆ 6% ಮೊದಲೇ ಇತ್ತಲ್ಲ, ಎರಡೂ ಸೇರಿ ಈಗ ಬಿಲ್ ಮೇಲೆ ಹತ್ತು ಪರ್ಸೆಂಟ್. ಬೇಜಾರಾಗುವುದು ಸಹಜ. ಆದರೆ ಕೌಂಟಿಯ ಮುಖ್ಯ ಆದಾಯದಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಮನೆ, ಕಟ್ಟಡಗಳ ತೆರಿಗೆಯಿಂದಲೇ ಬರುತ್ತದೆ. ಬೇರೆ ದಾರಿಗಳನ್ನು ರಾಜ್ಯ ಬಿಟ್ಟುಕೊಟ್ಟಿರುವುದು ಕಡಿಮೆ. ಆ ಭಾರ ನಿಮ್ಮ ಬಾಡಿಗೆಯಲ್ಲೂ ಸೇರಿಕೊಂಡಿರುತ್ತದೆ, ಗೊತ್ತಿರಲಿ.

ಅದಕ್ಕೇ ಪ್ರತಿ ವರ್ಷ ಈ ಪಟ್ಟಿ. ಬೋರ್ಡ್ ಆಫ್ ಸೂಪರ್‌ವೈಸರ್ಸ್‌ನಲ್ಲಿ ಹತ್ತು ಜನ ಇದ್ದಾರೆ, ಒಂಬತ್ತು ಡಿಸ್ಟ್ರಿಕ್ಟ್‌ಗಳಿಂದ ಒಬ್ಬೊಬ್ಬರು, ಜೊತೆಗೆ ಇಡೀ ಕೌಂಟಿ ಆರಿಸುವ ಚೇರ್‌ಮನ್. ಅವರ ಶಾಸನ ಸಮಿತಿ ಚಳಿಗಾಲಕ್ಕೆ ಮೊದಲೇ ಕೂತು, ಯಾವ ಹೊಸ ಅಧಿಕಾರ ಕೇಳಬೇಕು, ಯಾವುದಕ್ಕೆ ದುಡ್ಡು ಕೇಳಬೇಕು, ಯಾವ ಮಸೂದೆ ಬಂದರೆ ವಿರೋಧ ಮಾಡಬೇಕು ಅಂತ ಚರ್ಚೆ ಮಾಡುತ್ತದೆ. ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ಬೋರ್ಡ್ ಒಪ್ಪಿಗೆ ಕೊಡುತ್ತದೆ. ಜನವರಿಯ ಎರಡನೇ ಬುಧವಾರ ರಿಚ್ಮಂಡ್‌ನಲ್ಲಿ ಅಧಿವೇಶನ ಶುರು. ಸಮ ಸಂಖ್ಯೆಯ ವರ್ಷದಲ್ಲಿ 60 ದಿನ, ಬೆಸ ವರ್ಷದಲ್ಲಿ ಸುಮಾರು 46 ದಿನ, ಅಷ್ಟೇ. ಆಮೇಲೆ ಎದ್ದು ಹೋಗಿ ಕೇಳಿದರೆ ಮುಂದಿನ ವರ್ಷ ಅನ್ನುತ್ತಾರೆ.

ಪಟ್ಟಿಯಲ್ಲಿ ನಾನು ಮೊದಲು ಹುಡುಕುವುದು ಶಾಲೆಯ ವಿಷಯ. ನಮ್ಮದು ಶ್ರೀಮಂತ ಕೌಂಟಿ ಅಂತ ಲೆಕ್ಕ ಹಾಕಿ ರಾಜ್ಯ ತನ್ನ ಪಾಲನ್ನು ಕಡಿಮೆ ಕೊಡುತ್ತದೆ. 2023ರಲ್ಲಿ ಶಾಸನಸಭೆಯದೇ ಪರಿಶೀಲನಾ ಸಂಸ್ಥೆ ಜೆಲಾರ್ಕ್ ಒಂದು ವರದಿ ಕೊಟ್ಟಿತು. ವರ್ಜೀನಿಯಾದ ಶಾಲೆಗಳಿಗೆ ಒಂದು ಮಗುವಿಗೆ ಸಿಗುವ ಹಣ ದೇಶದ ಸರಾಸರಿಗಿಂತ 14% ಕಡಿಮೆ ಅಂತ ಅದರಲ್ಲಿದೆ. ಒಳ್ಳೆ ಶಾಲೆ ಅಂತಲೇ ಅಲ್ವಾ ನಾವೆಲ್ಲ ಈ ಕಡೆ ಮನೆ ಮಾಡುವುದು? ಹಾಗಿದ್ದ ಮೇಲೆ ಈ ಅಂಕಿ ನಮ್ಮವರ ಬಾಯಲ್ಲಿ ಇರಬೇಕು.

ಇನ್ನು ವೀಸಾ ವಿಷಯ. ನಿಮಗೆ ಓಟಿಲ್ಲ, ನಿಜ. ಮಾತಾಡಲು ಓಟು ಬೇಕಿಲ್ಲ. ಅಧಿವೇಶನಕ್ಕೆ ಮೊದಲು ನಮ್ಮ ಕಡೆಯ ಡೆಲಿಗೇಟ್‌ಗಳು, ಸೆನೆಟರ್‌ಗಳು, ಅಂದರೆ ರಾಜ್ಯ ಶಾಸನಸಭೆಯ ಎರಡು ಸದನಗಳ ಸದಸ್ಯರು, ಕೌಂಟಿಯ ಗವರ್ನ್‌ಮೆಂಟ್ ಸೆಂಟರ್‌ಗೆ ಬಂದು ಜನರ ಮಾತು ಕೇಳುತ್ತಾರೆ. ಮೊದಲೇ ಹೆಸರು ಬರೆಸಬೇಕು, ಮೈಕ್ ಮುಂದೆ ಸಿಗುವುದು ಎರಡು ಮೂರು ನಿಮಿಷ. ಒಮ್ಮೆ ಅಲ್ಲಿ ಒಬ್ಬ ತಾಯಿ ಮಾತಾಡಿದ್ದನ್ನು ಕೇಳಿದ್ದೇನೆ. ಕೈಯಲ್ಲಿ ಮಡಚಿದ ಒಂದೇ ಒಂದು ಹಾಳೆ. ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಮಗನಿಗೆ ಮನೆಯಲ್ಲೇ ಆರೈಕೆಗೆ ಸರ್ಕಾರ ಹಣ ಕೊಡುವ ಮೆಡಿಕೇಡ್ ವೇವರ್ ಸಿಗದೆ ಕಾಯುತ್ತಿದ್ದೇವೆ, ರಾತ್ರಿ ಅವನನ್ನು ನೋಡಿಕೊಳ್ಳುವವರು ನಾನೊಬ್ಬಳೇ ಅಂದರು. ಟೈಮರ್ ಮುಗಿಯುವ ಮುಂಚೆ ಮಾತು ಮುಗಿಸಿ ಕೂತರು. ಈ ಬೇಡಿಕೆ ಕೌಂಟಿಯ ಪಟ್ಟಿಯಲ್ಲೂ ವರ್ಷ ವರ್ಷ ಇತ್ತು, ಅವರಂಥ ಅಪ್ಪ ಅಮ್ಮಂದಿರೂ ಪ್ರತಿ ಸಲ ಬರುತ್ತಿದ್ದರು. 2024ರ ಬಜೆಟ್‌ನಲ್ಲಿ ರಾಜ್ಯ ಮೂರು ಸಾವಿರಕ್ಕೂ ಹೆಚ್ಚು ಹೊಸ ವೇವರ್ ಜಾಗಗಳಿಗೆ ಹಣ ಕೊಟ್ಟಿತು. ಅಲ್ಲಿ ಯಾರೂ ಯಾರ ಪಾಸ್‌ಪೋರ್ಟ್ ಕೇಳಲಿಲ್ಲ.

ಸುಮ್ನೆ ಎಲ್ಲ ಸರಿ ಇಲ್ಲ ಅಂತ ಬರೆಯಬೇಡಿ. ಒಂದೇ ವಿಷಯ ಹಿಡಿಯಿರಿ, ಯಾವ ರಸ್ತೆ, ಯಾವ ಶಾಲೆ, ಏನು ತೊಂದರೆ ಅಂತ ಹೇಳಿ. ಚಾಂಟಿಲಿ ಬಹುಪಾಲು ಸಲ್ಲಿ ಡಿಸ್ಟ್ರಿಕ್ಟ್‌ಗೆ ಸೇರುತ್ತದೆ, ವಿಳಾಸ ಹಾಕಿ ಒಮ್ಮೆ ನೋಡಿಕೊಳ್ಳಿ. ಸೂಪರ್‌ವೈಸರ್ ಆಫೀಸಿಗೆ ಅಕ್ಟೋಬರ್ ಒಳಗೆ ಬರೆದರೆ ಪಟ್ಟಿ ಇನ್ನೂ ತಯಾರಾಗುತ್ತಿರುತ್ತದೆ, ನಿಮ್ಮ ಡೆಲಿಗೇಟ್‌ಗೂ ಅದರ ಒಂದು ಪ್ರತಿ ಕಳಿಸಿ. ಜನವರಿಯ ಸಭೆಗೆ ಹೋಗುವ ಮನಸ್ಸಿದ್ದರೆ ಹೇಳಿ, ನಾನೂ ಬರುತ್ತೇನೆ.